ಆಲ್ಬಮ್ಮಿನ ಹಳೆಯ ಸ್ಟಾಂಪು ಪಾರ್ಸೆಲ್ಲಿಗೆ ಹಚ್ಚಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳ ಕಪಾಟಿನಲ್ಲಿ ಒಂದು ಸ್ಟಾಂಪ್ ಆಲ್ಬಮ್ ಇರುತ್ತದೆ. ಅಜ್ಜ ಕೂಡಿಟ್ಟದ್ದು, ಮಾವ ಬಿಟ್ಟುಹೋದದ್ದು, ಇಲ್ಲವೇ ನಾವೇ ಶಾಲೆಗೆ ಹೋಗುವಾಗ ಶುರು ಮಾಡಿ ಅರ್ಧಕ್ಕೆ ಬಿಟ್ಟದ್ದು. ಜೊತೆಗೆ ಬಳಸದ ಸ್ಟಾಂಪುಗಳ ಒಂದು ಲಕೋಟೆ. ಅದನ್ನು ಹಿಡಿದುಕೊಂಡು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಗೊತ್ತಿರುವ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಮಾತೆಲ್ಲ ಭಾರತದ ಅಂಚೆಚೀಟಿಗಳದ್ದು, ಅದರಲ್ಲೂ ಸೀಲು ಬೀಳದವುಗಳದ್ದು.

ಮೂವತ್ತು ನಲವತ್ತು ವರ್ಷ ಹಳೆಯ ಸ್ಟಾಂಪು ಈಗಲೂ ನಡೀತದಾ ಮಾರಾಯ್ರೆ?

ನಡೆಯುತ್ತದೆ. ಪೈಸೆ, ರೂಪಾಯಿ ಲೆಕ್ಕದಲ್ಲಿ ಬಂದ ಅಂಚೆಚೀಟಿಗೆ ಎಕ್ಸ್‌ಪೈರಿ ಡೇಟ್ ಇಲ್ಲ. ಅದರ ಮೇಲೆ ಎಷ್ಟು ಅಚ್ಚಾಗಿದೆಯೋ ಅಷ್ಟೇ ಅದರ ಬೆಲೆ. 1985ರ 50 ಪೈಸೆ ಇವತ್ತೂ 50 ಪೈಸೆಯೇ.

ಬೇಸರದ ವಿಷಯವೂ ಇದೇ. ಆಗ ಒಂದು ಕಾಗದ ಊರು ಮುಟ್ಟಲು ಸಾಕಾಗುತ್ತಿದ್ದ ಸ್ಟಾಂಪು ಈಗ ಕಾಗದದ ಹತ್ತನೇ ಒಂದು ಪಾಲಿಗೂ ಕಷ್ಟದಲ್ಲಿ ಸಾಕು. ಬ್ಯಾಂಕಿನಲ್ಲಿಟ್ಟ ಹಣಕ್ಕೆ ಬಡ್ಡಿ ಬರುತ್ತದೆ, ಆಲ್ಬಮ್ಮಿನಲ್ಲಿಟ್ಟದ್ದಕ್ಕೆ ನಮ್ಮ ಊರಲ್ಲಿ ಬೂಷ್ಟು ಬರುತ್ತದೆ.

25 ಪೈಸೆ ನಾಣ್ಯವೇ ನಿಂತುಹೋಗಿದೆ. 25 ಪೈಸೆ ಸ್ಟಾಂಪು ಹೇಗೆ ನಡೆಯುತ್ತದೆ?

25 ಪೈಸೆ ಮತ್ತು ಅದಕ್ಕಿಂತ ಚಿಕ್ಕ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು, ಸರಿ. ಆದರೆ ಅದು ನಾಣ್ಯದ ನಿಯಮ. ಸ್ಟಾಂಪು ಎಂದರೆ ಅಂಚೆ ಖರ್ಚನ್ನು ಮುಂಗಡವಾಗಿ ಕೊಟ್ಟದ್ದಕ್ಕೆ ಗುರುತು. ನಾಲ್ಕು 25 ಪೈಸೆ ಸೇರಿದರೆ ಒಂದು ರೂಪಾಯಿ.

ಕೂಡಿಸುವ ಲೆಕ್ಕ ಕೆಲವೊಮ್ಮೆ ಮಜಾ ಇರುತ್ತದೆ. 1960ರ ದಶಕದ ನಡುವಿನಲ್ಲಿ ಬಂದ ದಿನಬಳಕೆಯ ಸರಣಿಯಲ್ಲಿ ಹಂಪಿಯ ಕಲ್ಲಿನ ರಥ 70 ಪೈಸೆ, ಎಲೆಕ್ಟ್ರಿಕ್ ರೈಲು ಎಂಜಿನ್ 10 ಪೈಸೆ. ಏಳು ರಥ ಹಚ್ಚಿದರೆ 4 ರೂಪಾಯಿ 90 ಪೈಸೆ. ಹಿಂದೆ ಒಂದು ಎಂಜಿನ್ ಸಿಕ್ಕಿಸಿದರೆ ಸರಿಯಾಗಿ 5 ರೂಪಾಯಿ, ಒಂದು ಸಾದಾ ಕಾಗದದ ದರ. ಅದೇ ಸರಣಿಯಲ್ಲಿ 2 ಪೈಸೆಗೆ ಬಿದರಿ ಹೂಜಿ, 4 ಪೈಸೆಗೆ ಕಾಫಿ ಹಣ್ಣು ಇದೆ. ಅವನ್ನು ಹಚ್ಚಿ ಪಾರ್ಸೆಲ್ ಕಳಿಸುತ್ತೇನೆ ಎಂದರೆ ಮಾತ್ರ ನಾನು ಕೈಮುಗಿಯುತ್ತೇನೆ.

ಆಣೆಯ ಸ್ಟಾಂಪು?

ಆಲ್ಬಮ್ಮಿನಲ್ಲೇ ಇರಲಿ. ನಮ್ಮಲ್ಲಿ ದಶಮಾಂಶ ಲೆಕ್ಕ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅದಕ್ಕೂ ಹಿಂದಿನ 1949ರ ಸರಣಿಯಲ್ಲಿ ಬಿಜಾಪುರದ ಗೋಲಗುಮ್ಮಟ ಇರುವ ಚೀಟಿ 6 ಆಣೆಯದು. 16 ಆಣೆಗೆ ಒಂದು ರೂಪಾಯಿ, ಅಂದರೆ ಇದು ಮೂವತ್ತೇಳೂವರೆ ಪೈಸೆ. ಈಗಿನ ಕೌಂಟರಿನಲ್ಲಿ ಈ ಲೆಕ್ಕ ಒಪ್ಪಿಸಲು ಹೋಗಿ ಹಿಂದೆ ನಿಂತವರ ಬೈಗುಳ ಯಾಕೆ ತಿನ್ನಬೇಕು? ಸಂಗ್ರಹಕಾರರ ಕೈಯಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೆಯ ಮರ್ಯಾದೆ ಇದೆ.

ಹಚ್ಚಲೇಬಾರದ ಚೀಟಿಗಳು ಯಾವುವು?

ಮೊದಲನೆಯದು ರೆವೆನ್ಯೂ ಸ್ಟಾಂಪು. ರಸೀದಿ ಮೇಲೆ ಹಚ್ಚಿ ಸಹಿ ಹಾಕುವ ಒಂದು ರೂಪಾಯಿಯ ಆ ಚೀಟಿ ಅಂಚೆಗೆ ಅಲ್ಲ. ಎರಡನೆಯದು ‘ಸರ್ವಿಸ್’ ಎಂದು ಅಚ್ಚಾದ ಚೀಟಿ. ಅದು ಸರ್ಕಾರಿ ಕಚೇರಿಗಳ ಪತ್ರಕ್ಕೆ. ಅಜ್ಜ ತಾಲ್ಲೂಕು ಕಚೇರಿಯಲ್ಲಿದ್ದರು ಅಂತ ಮೊಮ್ಮಗ ಅದನ್ನು ಹಚ್ಚುವ ಹಾಗಿಲ್ಲ.

ಮೂರನೆಯದರಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಕುಟುಂಬ ಯೋಜನೆಯ ಚಿತ್ರದ 5 ಪೈಸೆ ಚೀಟಿ, ಮೇಲೆ ‘ರೆಫ್ಯೂಜಿ ರಿಲೀಫ್’ ಎಂದು ಒತ್ತಿರುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ಪ್ರತಿ ಪತ್ರದ ಮೇಲೂ ಅಂಚೆ ದರದ ಜೊತೆ 5 ಪೈಸೆ ಹೆಚ್ಚುವರಿ ತೆರಿಗೆ ಹಾಕಿದ್ದರು. ಅದಕ್ಕೆ ಬಂದ ಚೀಟಿ ಇದು. ಅಂಚೆ ಖರ್ಚಿನ ಲೆಕ್ಕಕ್ಕೆ ಇದನ್ನು ಹಿಡಿಯಬೇಡಿ.

ಹರಿದದ್ದು, ಮೂಲೆ ಹೋದದ್ದು, ಮೇಲೆ ಪೆನ್ನಿನಲ್ಲಿ ಗೀಚಿದ್ದು ಕೂಡ ಬೇಡ.

ಸೀಲು ಸರಿಯಾಗಿ ಬೀಳದೆ ಬಂದ ಲಕೋಟೆಯ ಸ್ಟಾಂಪು ಕಿತ್ತು ಹಚ್ಚಿದರೆ ಯಾರಿಗೆ ಗೊತ್ತಾಗುತ್ತದೆ?

ಗೊತ್ತಾದರೂ ಆಗದಿದ್ದರೂ ಅದು ಅಪರಾಧ. ಒಮ್ಮೆ ಬಳಸಿದ್ದು ಎಂದು ಗೊತ್ತಿದ್ದೂ ಮತ್ತೆ ಬಳಸುವುದು, ಸೀಲಿನ ಗುರುತು ಅಳಿಸುವುದು, ಎರಡೂ ಹಿಂದೆ ಐಪಿಸಿಯಲ್ಲಿದ್ದವು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇವೆ. ಐದು ರೂಪಾಯಿಗೆ ಯಾಕೆ ಸುಮ್ನೆ ತಲೆನೋವು?

ದುಬೈಯಿಂದ, ಮಸ್ಕತ್‌ನಿಂದ ತಂದ ಬಳಸದ ಸ್ಟಾಂಪು ಇದೆ. ಅದನ್ನು?

ಕರಾವಳಿಯಲ್ಲಿ ಇದು ಬರಲೇಬೇಕಾದ ಪ್ರಶ್ನೆ. ಆಯಾ ದೇಶದ ಸ್ಟಾಂಪು ಆಯಾ ದೇಶದಲ್ಲೇ ಪೋಸ್ಟ್ ಮಾಡುವಾಗ ಮಾತ್ರ. ಅಲ್ಲಿರುವ ಸಂಬಂಧಿಕರಿಗೆ ಕೊಟ್ಟುಬಿಡಿ.

ಇನ್ನೂ ಒಂದು ಮಾತು. ‘ಹಳೆಯದು ಯಾವತ್ತೂ ನಡೆಯುತ್ತದೆ’ ಎಂಬ ನಿಯಮ ಎಲ್ಲ ಕಡೆ ಒಂದೇ ಅಲ್ಲ. ಬ್ರಿಟನ್ನಿನಲ್ಲಿ ರಾಣಿಯ ತಲೆ ಇರುವ, ಬಾರ್‌ಕೋಡ್ ಇಲ್ಲದ ದಿನಬಳಕೆಯ ಸ್ಟಾಂಪುಗಳು 2023ರಲ್ಲಿ ರದ್ದಾದವು. ಜರ್ಮನಿಯಲ್ಲಿ ಯೂರೋ ಬಂದ ಮೇಲೆ ಮಾರ್ಕ್ ಸ್ಟಾಂಪು ನಿಂತಿತು. ಅಮೆರಿಕದಲ್ಲಿ 19ನೇ ಶತಮಾನದ ಸ್ಟಾಂಪೂ ನಡೆಯುತ್ತದೆ. ಆದರೆ ಅರ್ಧ ಇಂಚಿಗಿಂತ ದಪ್ಪ ಅಥವಾ 10 ಔನ್ಸಿಗಿಂತ ಭಾರದ ಪೊಟ್ಟಣಕ್ಕೆ ಬರೀ ಸ್ಟಾಂಪು ಹಚ್ಚಿ ಡಬ್ಬಿಗೆ ಹಾಕುವಂತಿಲ್ಲ. ಕೌಂಟರಿನಲ್ಲೇ ಕೊಡಬೇಕು. ಅಲ್ಲಿರುವ ಮಗಳಿಗೆ ಆಲ್ಬಮ್ ಕೊಡುವುದಾದರೆ ಇದನ್ನೂ ಹೇಳಿ ಕೊಡಿ.

ಹಚ್ಚುವ ಮೊದಲು ಬೆಲೆಬಾಳುವುದು ಯಾವುದು ಅಂತ ತಿಳಿಯುವುದು ಹೇಗೆ?

ಇದಕ್ಕೆ ಸಮಯ ಕೊಡಿ. ಒಂದು ಸಂಜೆ, ಒಂದು ಭೂತಗನ್ನಡಿ, ಒಳ್ಳೆಯ ಬೆಳಕು ಸಾಕು.

ಮೊದಲು 1957ಕ್ಕಿಂತ ಹಿಂದಿನದನ್ನೆಲ್ಲ ಪಕ್ಕಕ್ಕಿಡಿ. ಅದರಲ್ಲೂ 1948ರ ಆಗಸ್ಟ್ 15ಕ್ಕೆ ಬಂದ ಗಾಂಧೀಜಿಯ ನಾಲ್ಕು ಚೀಟಿಗಳನ್ನು. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚು ಹಾಕಿಸಿದವು ಅವು. ಮೊದಲ ಮೂರೂ ಆಣೆಯ ಲೆಕ್ಕದವು, ನಾಲ್ಕನೆಯದು 10 ರೂಪಾಯಿ. ರೂಪಾಯಿ ಎಂದು ಬರೆದಿದೆ ಅಂತ ಅದನ್ನು ಹಪ್ಪಳದ ಪೊಟ್ಟಣಕ್ಕೆ ಹಚ್ಚಿದರೆ ಊರಿಡೀ ಸುದ್ದಿಯಾಗುತ್ತೀರಿ. ಗೋಂದು ಹಾಳಾಗದ, ಬಳಸದ ಆ ಚೀಟಿಯ ವ್ಯವಹಾರ ಸಾವಿರಗಳ ಲೆಕ್ಕದಲ್ಲಿದೆ. ಅದರ ನಕಲಿಗಳೂ ಬೇಕಾದಷ್ಟಿವೆ, ಆ ಮಾತು ಬೇರೆ.

ಆಮೇಲೆ ‘ನಯೇ ಪೈಸೆ’ ಎಂದು ಅಚ್ಚಾದವು. 1957ರಲ್ಲಿ ಭಾರತದ ನಕ್ಷೆ ಇರುವ ಸರಣಿಯಿಂದ ಶುರುವಾಗಿ 1964ರ ತನಕ ಈ ಹೆಸರು ಬಳಕೆಯಲ್ಲಿತ್ತು. ಮುಖಬೆಲೆ ಏನೇನೂ ಇಲ್ಲ, ಹಾಗಾಗಿ ಇವನ್ನು ಹಚ್ಚಿದರೆ ಉಳಿತಾಯವೂ ಇಲ್ಲ.

ಉಳಿದದ್ದರಲ್ಲಿ ತಪ್ಪು ಅಚ್ಚನ್ನು ಹುಡುಕಿ. ಒಂದು ಬಣ್ಣ ಬಿದ್ದೇ ಇಲ್ಲ, ಅಂಚಿನ ತೂತು ಒಂದು ಬದಿಗೆ ಇಲ್ಲ, ಚಿತ್ರ ಪಕ್ಕಕ್ಕೆ ಸರಿದಿದೆ. ಒಂದೇ ಚೀಟಿಯ ಹತ್ತು ಪ್ರತಿ ಇದ್ದರೆ ಸಾಲಾಗಿ ಇಟ್ಟು ನೋಡಿ, ಬೇರೆಯದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು 1980ರ ನಂತರದ ಸ್ಮಾರಕ ಚೀಟಿಗಳ, ಅಂದರೆ ಒಬ್ಬರ ಅಥವಾ ಒಂದು ಘಟನೆಯ ನೆನಪಿಗೆ ಬಂದವುಗಳ, ದೊಡ್ಡ ರಾಶಿ. ಅವು ಲಕ್ಷಗಟ್ಟಲೆ ಅಚ್ಚಾದವು, ಎಲ್ಲರೂ ಕೂಡಿಟ್ಟರು. ನೀವು ಮಾರಲು ಹೋದರೆ ಹೆಚ್ಚಿನವಕ್ಕೆ ಡೀಲರ್ ಮುಖಬೆಲೆಯನ್ನೂ ಪೂರ್ತಿ ಕೊಡುವುದಿಲ್ಲ. ಅಂಚೆ ಕಚೇರಿ ಮಾತ್ರ ಪೂರ್ತಿ ಒಪ್ಪಿಕೊಳ್ಳುತ್ತದೆ. ಹಚ್ಚಬೇಕಾದ್ದು ಇವನ್ನೇ.

ನಮ್ಮ ಊರಿನವರ ಚಿತ್ರ ಇರುವ ಸ್ಟಾಂಪು ಹಚ್ಚಲು ಮನಸ್ಸು ಬರುವುದಿಲ್ಲ.

ಬರಬೇಕಾಗಿಯೂ ಇಲ್ಲ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಚೀಟಿ 1991ರದು. ಉಳ್ಳಾಲದ ರಾಣಿ ಅಬ್ಬಕ್ಕನದು ಬಂದದ್ದು 2023ರಲ್ಲಿ, 5 ರೂಪಾಯಿಯದು. ಒಂದೊಂದು ಇಟ್ಟುಕೊಂಡು ಎರಡನೆಯದನ್ನು ಹಚ್ಚಿ. ಉಳ್ಳಾಲದಿಂದ ಹೋಗುವ ಪೊಟ್ಟಣದ ಮೇಲೆ ಅಬ್ಬಕ್ಕ ಇದ್ದರೆ ಚಂದವೇ ಅಲ್ವಾ?

ಪರಿಮಳದ ಸ್ಟಾಂಪುಗಳನ್ನು ಮಾತ್ರ ನಾನು ಹಚ್ಚುವುದಿಲ್ಲ. 2006ರ ಶ್ರೀಗಂಧದ್ದು 15 ರೂಪಾಯಿ, 2017ರ ಕಾಫಿಯದು 100 ರೂಪಾಯಿ. ಮುಖಬೆಲೆ ದೊಡ್ಡದು, ಪಾರ್ಸೆಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೂ ಕಾಫಿ ಸ್ಟಾಂಪಿನ ಮೇಲೆ ಕಪ್ಪು ಠಸ್ಸೆ ಬೀಳುವುದನ್ನು ನೋಡಲು ನನ್ನಿಂದಾಗದು.

ಪಾರ್ಸೆಲ್ಲಿಗೆ ನಿಜವಾಗಿ ಎಷ್ಟು ಸ್ಟಾಂಪು ಬೇಕಾಗುತ್ತದೆ?

ಲೆಕ್ಕ ಹಾಕೋಣ. ಒಂದು ಸ್ಮಾರಕ ಚೀಟಿ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ, ಮೂರು ಸೆಂಟಿಮೀಟರ್ ಅಗಲ. ಎ4 ಹಾಳೆ ಮಡಚದೆ ಹಿಡಿಯುವ ಕಂದು ಲಕೋಟೆಯ ಒಂದು ಬದಿಯಲ್ಲಿ, ವಿಳಾಸಕ್ಕೂ ಜಾಗ ಬಿಡದೆ ಹಚ್ಚಿದರೆ ಐವತ್ತೈದು ಅರವತ್ತು ಹಿಡಿಯಬಹುದು. ಎಲ್ಲವೂ 50 ಪೈಸೆಯವು ಎಂದುಕೊಳ್ಳಿ. ಒಟ್ಟು ಮೂವತ್ತು ರೂಪಾಯಿ ದಾಟುವುದಿಲ್ಲ.

2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟಿನಲ್ಲಿ 50 ಗ್ರಾಂ ತನಕದ ಪತ್ರಕ್ಕೆ ಊರೊಳಗೆ 19 ರೂಪಾಯಿ, ಹೊರಗೆ ದೇಶದ ಎಲ್ಲಿಗಾದರೂ 47 ರೂಪಾಯಿ. ಮೇಲೆ ಜಿಎಸ್‌ಟಿ. ಉಡುಪಿಯಿಂದ ಬೆಂಗಳೂರಿಗೆ ಒಂದು ತೆಳ್ಳಗಿನ ಲಕೋಟೆಗೇ ಇಷ್ಟು. ಅಂದರೆ 50 ಪೈಸೆ ಸ್ಟಾಂಪಿನಲ್ಲಿ ಹೊರ ಊರಿಗೆ ಸ್ಪೀಡ್ ಪೋಸ್ಟ್ ಎನ್ನುವುದು ಆಗದ ಹೋಗದ ಮಾತು. 5 ರೂಪಾಯಿಯವು ಇದ್ದರೆ ಜಿಎಸ್‌ಟಿ ಸೇರಿ ಹನ್ನೊಂದು ಹನ್ನೆರಡರಲ್ಲಿ ಮುಗಿಯುತ್ತದೆ. 20, 25 ರೂಪಾಯಿಯವು ಇದ್ದರೆ ಕೇಳುವುದೇ ಬೇಡ.

ಜನ ಮರೆಯುವ ಇನ್ನೊಂದು ವಿಷಯ, ಸ್ಟಾಂಪಿಗೂ ತೂಕ ಇದೆ. ಲಕೋಟೆಯ ಒಂದು ಬದಿ ತುಂಬ ಹಚ್ಚಿದರೆ ಇನ್ನೊಂದು ಎ4 ಹಾಳೆ ಒಳಗೆ ಹಾಕಿದಷ್ಟಾದರೂ ತೂಕ ಏರುತ್ತದೆ. 48 ಗ್ರಾಂ ಇದ್ದದ್ದು 50 ದಾಟಿತೋ, ಮುಂದಿನ ದರ. ಅಂಚಿನಲ್ಲಿದ್ದರೆ ಚೀಟಿಗಳನ್ನು ಲಕೋಟೆಯ ಮೇಲೆ ಸುಮ್ಮನೆ ಇಟ್ಟು ತೂಗಿಸಿ, ಆಮೇಲೆ ಅಂಟಿಸಿ.

ಹಾಗಾದರೆ ಚಿಲ್ಲರೆ ಸ್ಟಾಂಪಿಗೆ ಯಾವ ಅಂಚೆ ಒಳ್ಳೆಯದು?

ಸಾದಾ ಅಂಚೆ. 20 ಗ್ರಾಂಗೆ 5 ರೂಪಾಯಿ, ಮುಂದಿನ ಪ್ರತಿ 20 ಗ್ರಾಂ ಅಥವಾ ಅದರ ಭಾಗಕ್ಕೆ ಇನ್ನೈದು. 55 ಗ್ರಾಂನ ಸಣ್ಣ ಪೊಟ್ಟಣಕ್ಕೆ 15 ರೂಪಾಯಿ ಸಾಕು. ಒಂದು ತೆಳ್ಳಗಿನ ಕವನ ಸಂಕಲನ, ಮದುವೆಯ ಕರೆಯೋಲೆ, ಮಕ್ಕಳ ಚಿತ್ರ, ಇಂಥವಕ್ಕೆ ಇದೇ ಸರಿ. ಟ್ರ್ಯಾಕಿಂಗ್ ಇರುವುದಿಲ್ಲ. ಹೋದರೆ ಹೋಯಿತು ಎನ್ನುವಂಥದ್ದನ್ನೇ ಕಳಿಸಿ.

ಮೊದಲು ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೆವು. ಬುಕ್ ಪೋಸ್ಟ್ ಕೂಡ ಇತ್ತು.

ಎರಡೂ ಹೋದವು. ಪುಸ್ತಕಗಳ ಬುಕ್ ಪೋಸ್ಟ್ 2024ರ ಕೊನೆಗೆ ನಿಂತಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಸ್ಟಾಂಪು ಹಚ್ಚುವವರಿಗೆ ಇದು ದೊಡ್ಡ ಪೆಟ್ಟು. ರಿಜಿಸ್ಟರ್ ಲಕೋಟೆ ಎಂದರೆ ಸಂಗ್ರಹಕಾರರಿಗೆ ಒಂದು ಹಬ್ಬ ಆಗಿತ್ತು, ದರವೂ ಸ್ಟಾಂಪಿಗೆ ಹೊಂದುವಂಥದ್ದು.

ಪಠ್ಯ, ಧಾರ್ಮಿಕ, ಸಾಂಸ್ಕೃತಿಕ ಪುಸ್ತಕಗಳಿಗೆ ಈಗ ‘ಜ್ಞಾನ್ ಪೋಸ್ಟ್’ ಇದೆ, 2025ರ ಮೇ 1ರಿಂದ. 300 ಗ್ರಾಂ ತನಕ 20 ರೂಪಾಯಿ, 5 ಕೆಜಿಗೆ 100 ರೂಪಾಯಿ. ಪುಸ್ತಕ ಕಳಿಸುವವರಿಗೆ ನನ್ನ ಸಲಹೆ: ಸ್ಟಾಂಪಿನ ಆಸೆ ಬಿಟ್ಟು ಇದರಲ್ಲೇ ಕಳಿಸಿ. ಹಳೆಯ ಸ್ಟಾಂಪು ಖರ್ಚು ಮಾಡಬೇಕು ಅಂತ ಹೆಚ್ಚು ದರದ ಅಂಚೆ ಆರಿಸುವುದರಲ್ಲಿ ಅರ್ಥ ಇಲ್ಲ.

ಸ್ಪೀಡ್ ಪೋಸ್ಟಿಗೆ ಸ್ಟಾಂಪು ಹಚ್ಚಿಕೊಂಡು ಹೋದರೆ ತೆಗೆದುಕೊಳ್ಳುತ್ತಾರಾ?

ಹಚ್ಚಿಕೊಂಡು ಹೋಗಬೇಡಿ. ಚೀಟಿಗಳನ್ನು ಬೇರೆ ಇಟ್ಟುಕೊಂಡು ಹೋಗಿ ಮೊದಲು ಕೇಳಿ. “ಇಷ್ಟು ರೂಪಾಯಿಯ ಸ್ಟಾಂಪು ಹಚ್ಚುತ್ತೇನೆ, ಉಳಿದದ್ದು ನಗದು ಕೊಡ್ತೇನೆ, ಆಗ್ತದಾ?” ಅಂತ. ಒಪ್ಪಿದರೆ ಹಚ್ಚಿದ ಮೊತ್ತವನ್ನು ಗುಮಾಸ್ತರು ಬುಕಿಂಗ್ ಮಾಡುವಾಗ ಕಳೆಯುತ್ತಾರೆ. ಅಲ್ಲೇ ಪಕ್ಕದ ಮೇಜಿನ ಮೇಲೆ ಅಂಟಿಸಿ ಕೊಡಿ. ಮೊತ್ತವನ್ನು ಪೆನ್ಸಿಲಿನಲ್ಲಿ ಒಂದು ಕಾಗದದ ತುಂಡಿನಲ್ಲಿ ಬರೆದು ಕೊಟ್ಟರೆ ಅವರಿಗೂ ಎಣಿಸುವ ಕಷ್ಟ ತಪ್ಪುತ್ತದೆ.

ಹೋಗುವ ಹೊತ್ತೂ ಮುಖ್ಯ. ಸಂಜೆ ಬುಕಿಂಗ್ ಮುಗಿಯುವ ಮೊದಲಿನ ರಶ್ಶಿನಲ್ಲಿ ಮೂವತ್ತೆರಡು ಸ್ಟಾಂಪಿನ ಲಕೋಟೆ ಮುಂದಿಟ್ಟರೆ ಯಾರ ಮುಖವೂ ಅರಳುವುದಿಲ್ಲ. ಬೆಳಗ್ಗೆ ಹನ್ನೊಂದರ ಸುಮಾರಿಗೆ ಹೋಗಿ.

“ಇದು ಹಳೆಯದು, ಆಗುವುದಿಲ್ಲ” ಅಂದರೆ?

ಜಗಳ ಬೇಡ. ಚಿಕ್ಕ ಕಚೇರಿಗಳಲ್ಲಿ ಹೊಸದಾಗಿ ಸೇರಿದವರು 1970ರ ಸ್ಟಾಂಪು ನೋಡಿಯೇ ಇರುವುದಿಲ್ಲ. ಹೀಗೊಂದು ಕಡೆ ಗುಮಾಸ್ತರೊಬ್ಬರು ನನ್ನ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಮಕ್ಕಳು ಆಡುವುದಲ್ವಾ?” ಅಂದಿದ್ದರು. ಪೋಸ್ಟ್‌ಮಾಸ್ಟರ್ ಬಂದು ನೋಡಿ, ನಕ್ಕು, ಸೀಲು ಹೊಡೆದು ಕೊಟ್ಟರು. ನೀವೂ ಪೋಸ್ಟ್‌ಮಾಸ್ಟರ್ ಹತ್ತಿರವೇ ವಿನಯದಲ್ಲಿ ಕೇಳಿ. ಆಗದಿದ್ದರೆ ಮಂಗಳೂರಿನವರು ಪಾಂಡೇಶ್ವರದ ಪ್ರಧಾನ ಅಂಚೆ ಕಚೇರಿಗೆ, ಉಡುಪಿಯವರು ಅಲ್ಲಿನ ಪ್ರಧಾನ ಕಚೇರಿಗೆ ಹೋಗಿ. ದೊಡ್ಡ ಕಚೇರಿಯಲ್ಲಿ ಸ್ಟಾಂಪ್ ಸಂಗ್ರಹದವರನ್ನು ಕಂಡು ಅಭ್ಯಾಸ ಇರುತ್ತದೆ.

ಎಲ್ಲಿ, ಹೇಗೆ ಹಚ್ಚಬೇಕು?

ವಿಳಾಸ ಇರುವ ಬದಿಯಲ್ಲಿ, ಬಲಗಡೆ ಮೇಲಿನ ಮೂಲೆಯಿಂದ ಶುರು ಮಾಡಿ. ಒಂದರ ಮೇಲೆ ಒಂದು ಏರಬಾರದು, ಅರ್ಧ ಮುಚ್ಚಿದ ಚೀಟಿ ಲೆಕ್ಕಕ್ಕೆ ಬರುವುದಿಲ್ಲ. ಹೆಚ್ಚು ಬೆಲೆಯವನ್ನು ಮೇಲಿನ ಸಾಲಿಗೆ ಹಾಕಿದರೆ ಕೂಡಿಸಲು ಸುಲಭ.

ಮಳೆಗಾಲದಲ್ಲಿ ನಾವು ಮಾಡುವ ಕೆಲಸ ಒಂದಿದೆ: ಒದ್ದೆಯಾಗದಿರಲಿ ಅಂತ ಸ್ಟಾಂಪಿನ ಮೇಲೆ ಪಾರದರ್ಶಕ ಟೇಪು ಎಳೆಯುವುದು. ಹಾಗೆ ಮಾಡಬೇಡಿ. ಟೇಪಿನ ಮೇಲೆ ಸೀಲು ನಿಲ್ಲುವುದಿಲ್ಲ, ಮತ್ತೆ ಬಳಸಲು ಮಾಡಿದ ಉಪಾಯ ಅಂತಲೂ ಅನುಮಾನ ಬರುತ್ತದೆ. ಟೇಪು ವಿಳಾಸದ ಮೇಲೆ ಎಳೆಯಿರಿ, ಸ್ಟಾಂಪು ಬಿಟ್ಟು.

ಪ್ಲಾಸ್ಟಿಕ್ ಕವರಿನ ಮೇಲೆ ಗೋಂದು ಹಿಡಿಯುವುದಿಲ್ಲ. ಕಂದು ಕಾಗದ ಸುತ್ತಿ, ಇಲ್ಲವೇ ಒಂದು ಕಾಗದದ ತುಂಡನ್ನು ಗಟ್ಟಿಯಾಗಿ ಅಂಟಿಸಿ ಅದರ ಮೇಲೆ ಹಚ್ಚಿ.

ಆಟಿ ತಿಂಗಳ ಮಳೆಗೆ ಸ್ಟಾಂಪುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಏನು ಮಾಡುವುದು?

ಎಳೆಯಬೇಡಿ. ಎಳೆದರೆ ಒಂದರ ಮುಖ ಇನ್ನೊಂದರ ಬೆನ್ನಿಗೆ ಹೋಗುತ್ತದೆ.

ಅಂಚೆಗೆ ಬಳಸುವುದೇ ಆದರೆ ಗೋಂದಿನ ಆಸೆ ಬಿಡಿ. ಅಗಲದ ತಟ್ಟೆಯಲ್ಲಿ ತಣ್ಣೀರು ಹಾಕಿ ಆ ಗಂಟನ್ನು ಮುಳುಗಿಸಿಡಿ. ಹತ್ತಿಪ್ಪತ್ತು ನಿಮಿಷದಲ್ಲಿ ಅವೇ ಜಾರಿ ಬಿಡಿಬಿಡಿಯಾಗುತ್ತವೆ. ಬೆರಳ ತುದಿಯಲ್ಲಿ ಹಿಂಬದಿ ಸವರಿದರೆ ಉಳಿದ ಗೋಂದು ಲೋಳೆಯಾಗಿ ಕೈಗೆ ಬರುತ್ತದೆ, ಅದನ್ನು ಪೂರ್ತಿ ತೊಳೆಯಿರಿ. ಉಳಿದರೆ ಒಣಗುವಾಗ ಮತ್ತೆ ಅಂಟುತ್ತದೆ. ಮುಖ ಕೆಳಗೆ ಮಾಡಿ ಬಿಳಿ ಬಟ್ಟೆಯ ಮೇಲೆ ಹರಡಿ. ಪತ್ರಿಕೆಯ ಮೇಲೆ ಬೇಡ, ಮಸಿ ಹತ್ತುತ್ತದೆ. ಸ್ವಲ್ಪ ಸುರುಟಿಕೊಂಡು ಒಣಗಿದ ಮೇಲೆ ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ ಇಟ್ಟರೆ ಚಪ್ಪಟೆಯಾಗುತ್ತವೆ. ನಮ್ಮ ಮನೆಯಲ್ಲಿ ಈ ಕೆಲಸ ಹಳೆಯ ಪಂಚಾಂಗಗಳದ್ದು.

ಗೋಂದು ಇಲ್ಲದ ಚೀಟಿಯನ್ನು ಹಚ್ಚಲು ಗ್ಲೂ ಸ್ಟಿಕ್ ಒಳ್ಳೆಯದು. ಫೆವಿಕಾಲ್ ಜಾಸ್ತಿಯಾದರೆ ಕಾಗದ ನೆನೆದು ಸುಕ್ಕಾಗುತ್ತದೆ. ಮೈದಾ ಅಂಟು ಹಚ್ಚಿದರೆ ಜಿರಲೆಗೆ ಊಟ.

ಬೆಲೆಬಾಳುವ ಚೀಟಿ ಅಂಟಿಕೊಂಡಿದ್ದರೆ ನೀರಿಗೆ ಹಾಕಬೇಡಿ. ಗೋಂದು ಹೋದರೆ ಅದರ ಬೆಲೆಯ ದೊಡ್ಡ ಪಾಲು ಹೋಯಿತು. ಮುಚ್ಚಳದ ಡಬ್ಬಿಯ ತಳದಲ್ಲಿ ಒದ್ದೆ ಸ್ಪಂಜು, ಅದಕ್ಕೆ ತಾಗದಂತೆ ಮೇಲೊಂದು ಜಾಲರಿ, ಜಾಲರಿಯ ಮೇಲೆ ಚೀಟಿ ಇಟ್ಟು ಮುಚ್ಚಿ. ಕೆಲವು ಗಂಟೆ ತೇವದ ಗಾಳಿಯಲ್ಲಿ ಅಂಟು ಸಡಿಲಾಗುತ್ತದೆ. ನಡುನಡುವೆ ತೆರೆದು ನೋಡುತ್ತಿರಬೇಕು.

ಕಂದು ಚುಕ್ಕೆ ಬಿದ್ದ ಸ್ಟಾಂಪು?

ಸಂಗ್ರಹಕ್ಕೆ ಆಗದು, ಅಂಚೆಗೆ ಆಗುತ್ತದೆ. ಮೊದಲು ಖರ್ಚು ಮಾಡಬೇಕಾದ್ದು ಇದನ್ನೇ. ಆ ಬೂಷ್ಟು ಪಕ್ಕದ ಒಳ್ಳೆಯ ಚೀಟಿಗೂ ಹರಡುತ್ತದೆ.

ಮಿನಿಯೇಚರ್ ಶೀಟ್, ಫಸ್ಟ್ ಡೇ ಕವರ್, ಮೈ ಸ್ಟಾಂಪ್?

ಮಿನಿಯೇಚರ್ ಶೀಟಿನಲ್ಲಿ ಇರುವ ಚೀಟಿಗಳ ಒಟ್ಟು ಮುಖಬೆಲೆ ಲೆಕ್ಕಕ್ಕೆ ಬರುತ್ತದೆ. ದೊಡ್ಡ ಪಾರ್ಸೆಲ್ಲಾದರೆ ಇಡೀ ಶೀಟನ್ನೇ ಹಚ್ಚಬಹುದು, ನೋಡಲು ಗಮ್ಮತ್ತು. ಫಸ್ಟ್ ಡೇ ಕವರ್, ಅಂದರೆ ಚೀಟಿ ಬಿಡುಗಡೆಯಾದ ದಿನದ ಲಕೋಟೆ, ಅದರ ಮೇಲಿನ ಚೀಟಿಗೆ ಆಗಲೇ ಸೀಲು ಬಿದ್ದಿರುತ್ತದೆ, ಅದರ ಕಥೆ ಮುಗಿಯಿತು. ಮೈ ಸ್ಟಾಂಪ್, ಅಂದರೆ ನಮ್ಮದೇ ಫೋಟೋ ಹಾಕಿಸಿಕೊಳ್ಳುವ ಚೀಟಿ, ನಡೆಯುತ್ತದೆ. 2011ರಲ್ಲಿ ಅದು ಶುರುವಾದಾಗ 12 ಚೀಟಿಯ ಶೀಟಿಗೆ 300 ರೂಪಾಯಿ, ಪ್ರತಿ ಚೀಟಿಯ ಮುಖಬೆಲೆ 5 ರೂಪಾಯಿ. ಮದುವೆಯ ಫೋಟೋ ಹಾಕಿಸಿ ಉಳಿದದ್ದಿದ್ದರೆ ಹಚ್ಚಿ, ಆದರೆ 25 ಕೊಟ್ಟದ್ದು 5ಕ್ಕೆ ಹೋಗುತ್ತದೆ.

ಕಡಿಮೆ ಹಚ್ಚಿದರೆ ಏನಾಗುತ್ತದೆ? ಜಾಸ್ತಿ ಹಚ್ಚಿದರೆ?

ಕಡಿಮೆಯಾದರೆ ಬಾಕಿಯ ಎರಡರಷ್ಟನ್ನು ಪಡೆಯುವವರಿಂದ ವಸೂಲು ಮಾಡುತ್ತಾರೆ. ಅವರು ಕೊಡದಿದ್ದರೆ ನಿಮಗೇ ವಾಪಸು. ಭಾವನ ಮನೆಗೆ ಹೀಗೆ ಕಳಿಸಿದರೆ ಆ ಮಾತು ಮುಂದಿನ ಮದುವೆಯ ತನಕ ನಿಲ್ಲುತ್ತದೆ. ಜಾಸ್ತಿಯಾದದ್ದು ವಾಪಸು ಬರುವುದಿಲ್ಲ.

ಖಾಸಗಿ ಕೊರಿಯರಿಗೆ?

ಆಗುವುದಿಲ್ಲ.

ಪಡೆಯುವವರೂ ಸಂಗ್ರಹಕಾರರು. ಸೀಲು ಚಂದ ಬೀಳಲು ಏನು ಮಾಡಬೇಕು?

ಕೆಂಪು ಡಬ್ಬಿಗೆ ಹಾಕಬೇಡಿ. ಕೌಂಟರಿನಲ್ಲಿ ಕೊಟ್ಟು, “ಸ್ವಲ್ಪ ಚಂದ ಮಾಡಿ ಸೀಲು ಹಾಕಿ ಕೊಡ್ತೀರಾ?” ಅಂತ ಕೇಳಿ. ಕೇಳಿದರೆ ಸಾಮಾನ್ಯವಾಗಿ ಮಾಡಿಕೊಡುತ್ತಾರೆ. ನಾಲ್ಕು ಚೀಟಿ ಸೇರುವ ಮೂಲೆಗೆ ಒಂದು ಸೀಲು ಬಿದ್ದರೆ ನಾಲ್ಕಕ್ಕೂ ಆಗುತ್ತದೆ, ಚಿತ್ರವೂ ಉಳಿಯುತ್ತದೆ. ಸೀಲು ತಪ್ಪಿದ ಚೀಟಿಯನ್ನು ಮುಂದೆ ಯಾರಾದರೂ ಬಾಲ್‌ಪೆನ್ನಿನಲ್ಲಿ ಗೀಚಿ ಬಿಡುತ್ತಾರೆ. ಅದನ್ನು ನೋಡುವುದು ಕಷ್ಟ.

ಇಷ್ಟೆಲ್ಲ ಯಾಕೆ? ಅಂಚೆ ಕಚೇರಿಗೆ ಕೊಟ್ಟು ದುಡ್ಡು ತಗೊಂಡರಾಯಿತಲ್ಲ?

ಮಾರಿದ ಸ್ಟಾಂಪನ್ನು ಅಂಚೆ ಕಚೇರಿ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಡೀಲರ್ ತೆಗೆದುಕೊಂಡರೂ ಕಡಿಮೆಗೆ. ಹಾಗಾಗಿ ಪೂರ್ತಿ ಬೆಲೆ ಸಿಗುವ ದಾರಿ ಹಚ್ಚುವುದೊಂದೇ. ರಾಶಿ ದೊಡ್ಡದಿದ್ದರೆ ಮುಖಬೆಲೆಯ ಪ್ರಕಾರ ವಿಂಗಡಿಸಿ, ಬಟರ್ ಪೇಪರಿನ ಲಕೋಟೆಗಳಲ್ಲಿ ಹಾಕಿ, ಮೇಲೆ ಮೊತ್ತ ಬರೆದು, ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬಟರ್ ಪೇಪರ್ ಸಿಗದಿದ್ದರೆ ಬೇಕರಿ ಸಾಮಾನಿನ ಅಂಗಡಿಯಲ್ಲಿ ಕೇಳಿ.